ಹಳೆಯ ಬೆಳ್ಳಿ ಒಡವೆಯ ಕಪ್ಪು: ನಾನು ತೆಗೆಯುವ ಬಗೆ

ಹಳೆಯ ಬೆಳ್ಳಿ ಒಡವೆ ಕೈಗೆ ಬಂದಾಗ, ನೀರು ಮುಟ್ಟಿಸುವ ಮೊದಲು ನಾನು ಅದನ್ನು ಒಳ್ಳೆಯ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ನಿಧಾನವಾಗಿ ನೋಡುತ್ತೇನೆ. ಬೆಸುಗೆ ಬಿಟ್ಟಿದೆಯೇ, ಕೊಂಡಿ ಸವೆದಿದೆಯೇ, ಕಲ್ಲು ಅಲುಗಾಡುತ್ತದೆಯೇ, ಗುಂಡುಗಳು ಒಳಗೆ ಪೊಳ್ಳಾಗಿವೆಯೇ ಎಂಬುದು ಮೊದಲು ತಿಳಿಯಬೇಕು. ಮೈಗೆ ಉಜ್ಜಿಕೊಳ್ಳುವ ಅಂಚುಗಳಲ್ಲಿ ಕೆಂಪು ಅಥವಾ ಹಳದಿ ಲೋಹ ಇಣುಕುತ್ತಿದ್ದರೆ ಅದು ಬೆಳ್ಳಿಯ ಲೇಪ ಮಾತ್ರ ಎಂದು ಅನುಮಾನಿಸಿ, ಉಜ್ಜುವ ಯೋಚನೆಯನ್ನೇ ಬಿಡುತ್ತೇನೆ. ಚಿನ್ನದ ನೀರು ಹಿಡಿಸಿದ ಬೆಳ್ಳಿಗೂ ಇದೇ ಎಚ್ಚರ ಬೇಕು, ಏಕೆಂದರೆ ಆ ಪದರ ಬಹಳ ತೆಳು.

ಬೆಳ್ಳಿಯ ಮೇಲಿನ ಕಪ್ಪು ಹೊರಗಿನಿಂದ ಬಂದು ಕೂತ ಕೊಳೆಯಲ್ಲ. ಗಾಳಿಯಲ್ಲಿರುವ ಗಂಧಕದ ಅನಿಲಗಳೊಡನೆ ಬೆಳ್ಳಿಯೇ ಸೇರಿ ಆದ ಸಿಲ್ವರ್ ಸಲ್ಫೈಡ್ ಅದು. ಆದ್ದರಿಂದ ಉಜ್ಜಿ ತೆಗೆದ ಪ್ರತಿ ಸಲವೂ ಒಡವೆಯ ಬೆಳ್ಳಿ ಸ್ವಲ್ಪ ಸ್ವಲ್ಪ ಬಟ್ಟೆಗೆ ಹೋಗುತ್ತದೆ. ನೂರರಲ್ಲಿ 92.5 ಪಾಲು ಬೆಳ್ಳಿ ಇರುವ ಸ್ಟರ್ಲಿಂಗ್‌ನಲ್ಲಿ ಉಳಿದದ್ದು ಹೆಚ್ಚಾಗಿ ತಾಮ್ರ. ಕೊಂಡಿಗಳ ಬಳಿ ಕಾಣುವ ಹಸಿರು ಕಿಲುಬು ಆ ತಾಮ್ರದಿಂದ ಬಂದದ್ದು. ಇನ್ನು ಕೆತ್ತನೆಯ ತಗ್ಗುಗಳಲ್ಲಿರುವ ಕಪ್ಪನ್ನು ಎಷ್ಟೋ ಸಲ ಕುಶಲಕರ್ಮಿಯೇ ಬೇಕೆಂದು ಹಿಡಿಸಿರುತ್ತಾನೆ. ಅದು ಹೋದರೆ ಹೂಬಳ್ಳಿಯ ಗೆರೆಗಳೆಲ್ಲ ಸಪ್ಪೆಯಾಗಿ, ಒಡವೆ ನಿನ್ನೆ ಮೊನ್ನೆ ಅಚ್ಚಿನಲ್ಲಿ ಒತ್ತಿದಂತೆ ಕಾಣುತ್ತದೆ.

ಮೊದಲ ಹೆಜ್ಜೆ ತೊಳೆಯುವುದು. ಉಗುರುಬೆಚ್ಚಗಿನ ನೀರಿಗೆ ಸೌಮ್ಯವಾದ ದ್ರವ ಸೋಪಿನ ಒಂದೆರಡು ಹನಿ ಬೆರೆಸಿ, ಮೆತ್ತನೆಯ ಬ್ರಷ್ಷಿನಿಂದ ಎಣ್ಣೆ ಜಿಡ್ಡು, ಧೂಳು ತೆಗೆಯುತ್ತೇನೆ. ಸಿಂಕಿನಲ್ಲಲ್ಲ, ಬಟ್ಟೆ ಹಾಸಿದ ಬೋಗುಣಿಯಲ್ಲಿ. ಮುತ್ತು, ಹವಳ, ಅಂಟು ಹಚ್ಚಿ ಕೂರಿಸಿದ ಕಲ್ಲು, ದಾರದಲ್ಲಿ ಪೋಣಿಸಿದ ಸರ, ಒಳಗೆ ಅರಗು ತುಂಬಿದ ಗುಂಡು ಇವುಗಳನ್ನು ಮುಳುಗಿಸುವುದಿಲ್ಲ, ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸುತ್ತೇನೆ ಅಷ್ಟೆ. ಬಿಸಿಗೆ ಅರಗು ಮೆತ್ತಗಾಗುತ್ತದೆ, ಪೊಳ್ಳಿನೊಳಗೆ ಹೊಕ್ಕ ನೀರು ಬೇಗ ಹೊರಬರುವುದಿಲ್ಲ. ಬರೀ ತೊಳೆದದ್ದರಿಂದಲೇ ಒಡವೆ ಎಷ್ಟೋ ತಿಳಿಯಾಗುವುದುಂಟು, ಆಗ ನಾನು ಮುಂದಕ್ಕೆ ಹೋಗುವುದಿಲ್ಲ.

ಕಪ್ಪು ಇನ್ನೂ ದಪ್ಪವಾಗಿ ಉಳಿದಿದ್ದರೆ, ಬಹಳ ನಯವಾದ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿಯನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಕಲಸಿ, ಹತ್ತಿಯ ತುದಿಗೆ ಹಚ್ಚಿಕೊಂಡು ಉಬ್ಬಿದ ಭಾಗಗಳ ಮೇಲೆ ಮಾತ್ರ ಹಗುರವಾಗಿ ಆಡಿಸುತ್ತೇನೆ. ಹತ್ತಿ ಕೂಡಲೇ ಬೂದು ಬಣ್ಣಕ್ಕೆ ತಿರುಗಿ ಆಮೇಲೆ ಕಪ್ಪಾಗುತ್ತದೆ. ಆಗ ಅದನ್ನು ಎಸೆದು ಹೊಸದನ್ನು ತೆಗೆದುಕೊಳ್ಳಬೇಕು, ಇಲ್ಲವಾದರೆ ಎದ್ದ ಕಣಗಳನ್ನೇ ಮತ್ತೆ ಮೈಮೇಲೆ ಎಳೆದಂತಾಗುತ್ತದೆ. ಉಬ್ಬು ಮಂದವಾಗಿ ಹೊಳೆದು ತಗ್ಗಿನಲ್ಲಿ ನೆರಳು ಉಳಿದ ಹಂತದಲ್ಲಿ ಕೈ ನಿಲ್ಲಿಸುತ್ತೇನೆ. ಟೂತ್‌ಪೇಸ್ಟನ್ನು ಹಳೆಯ ಬೆಳ್ಳಿಯ ಹತ್ತಿರಕ್ಕೂ ತರಬಾರದು: ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೊಹ್ಸ್ ಮಾಪಕದಲ್ಲಿ ಬೆಳ್ಳಿಯದು 2.5ರಿಂದ 3ರಷ್ಟೇ, ಪೇಸ್ಟಿನೊಳಗಿನ ಉಜ್ಜುಪುಡಿ ಅದನ್ನು ಗೀರುತ್ತದೆ. ನಿಂಬೆರಸ, ವಿನೆಗರ್‌ನಂಥ ಹುಳಿ ಪದಾರ್ಥಗಳು ಮುತ್ತು, ಹವಳಗಳನ್ನು ತಿನ್ನುತ್ತವೆ.

ಅಲ್ಯುಮಿನಿಯಂ ಹಾಳೆ, ಅಡುಗೆ ಸೋಡಾ, ಬಿಸಿನೀರಿನ ವಿಧಾನವನ್ನು ಅನೇಕರು ಹೊಗಳುತ್ತಾರೆ. ಅದರ ಹಿಂದಿನ ರಸಾಯನಶಾಸ್ತ್ರ ನಿಜ: ಹಾಳೆ ಬೆಳ್ಳಿಗೆ ತಾಗಿದಾಗ ಅಲ್ಯುಮಿನಿಯಂ ಕರಗಿ, ಸಲ್ಫೈಡ್ ಮತ್ತೆ ಬೆಳ್ಳಿಯಾಗುತ್ತದೆ, ಕೊಳೆತ ಮೊಟ್ಟೆಯ ವಾಸನೆಯೂ ಬರುತ್ತದೆ. ಆದರೆ ಉಬ್ಬು, ತಗ್ಗು ಎಂಬ ಭೇದ ಅದಕ್ಕಿಲ್ಲ, ಬೇಕಾದ ಕಪ್ಪನ್ನೂ ಅದು ಉಳಿಸುವುದಿಲ್ಲ. ಕಲ್ಲಾಗಲಿ ಕೆತ್ತನೆಯಾಗಲಿ ಇಲ್ಲದ, ಉಜ್ಜಲು ಬಾರದಷ್ಟು ಸಣ್ಣ ಕೊಂಡಿಗಳ ಸರಪಳಿಗೆ ಮಾತ್ರ ನಾನು ಅದನ್ನು ಬಳಸುತ್ತೇನೆ. ಅದ್ದಿ ತೆಗೆಯುವ ದ್ರವಗಳನ್ನು ಬಳಸುವುದೇ ಇಲ್ಲ.

ಯಾವ ವಿಧಾನವಾದರೂ ಕೊನೆಗೆ ಬಟ್ಟಿ ಇಳಿಸಿದ ನೀರಿನಿಂದ ಪುಡಿ, ಸೋಪು ಉಳಿಯದಂತೆ ನೋಡಿಕೊಂಡು, ಹತ್ತಿ ಬಟ್ಟೆಯಲ್ಲಿ ಒತ್ತಿ ಒರೆಸಿ, ಪೂರ್ತಿ ಒಣಗಿಸಬೇಕು. ಆಮೇಲೆ ಬರಿಗೈಯಲ್ಲಿ ಮುಟ್ಟದೆ ಪ್ರತಿಯೊಂದನ್ನೂ ಬೇರೆ ಬೇರೆ ಜಿಪ್ ಚೀಲದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡುತ್ತೇನೆ. ರಬ್ಬರ್ ಬ್ಯಾಂಡಿನಲ್ಲೂ ಉಣ್ಣೆಯಲ್ಲೂ ಗಂಧಕವಿರುವುದರಿಂದ ಅವೆರಡನ್ನೂ ಒಡವೆಯ ಪೆಟ್ಟಿಗೆಗೆ ಸೇರಿಸುವುದಿಲ್ಲ.