ಹರ್ 2 ಇಂಜೆಕ್ಷನ್ ಶುರು ಮಾಡುವವರಿಗೆ: ತೊಡೆ, ಹೃದಯ, ಮೂರು ವಾರದ ಲೆಕ್ಕ

ಸ್ತನ ಕ್ಯಾನ್ಸರ್‌ನ ಬಯಾಪ್ಸಿ ರಿಪೋರ್ಟ್‌ನಲ್ಲಿ "ಹರ್ 2 ಪಾಸಿಟಿವ್" ಅಂತ ಬಂದಿದೆ, ಅಂದ್ರೆ ಕ್ಯಾನ್ಸರ್ ಕೋಶದ ಮೇಲೆ ಹರ್ 2 ಅನ್ನುವ ಪ್ರೋಟೀನ್ ಜಾಸ್ತಿ ಇದೆ. ಡಾಕ್ಟರ್ ಟ್ರಾಸ್ಟುಝುಮ್ಯಾಬ್ ಅಂತ ಒಂದು ಇಂಜೆಕ್ಷನ್ ಹೇಳಿದ್ದಾರೆ, ಮೂರು ವಾರಕ್ಕೊಮ್ಮೆ, ಹೆಚ್ಚು ಕಡಿಮೆ ಒಂದು ವರ್ಷ. ಸ್ತನ ಕ್ಯಾನ್ಸರ್ ಇರುವವರಲ್ಲಿ ಸುಮಾರು 15ರಿಂದ 20 ಶೇಕಡಾ ಜನರಿಗೆ ರಿಪೋರ್ಟ್ ಹೀಗೆ ಹರ್ 2 ಪಾಸಿಟಿವ್ ಬರುತ್ತದೆ. ಇಂಜೆಕ್ಷನ್ ತಗೊಳ್ಳುವುದು ಸುಲಭ. ತೊಂದರೆ ಏನಂದ್ರೆ, ಅದು ಸುಲಭ ಅಂತಲೇ ಸುತ್ತಲಿನ ಮುಖ್ಯ ಕೆಲಸಗಳನ್ನು ಜನ ಹಗುರವಾಗಿ ತಗೊಂಡುಬಿಡುತ್ತಾರೆ.

ಮೊದಲು ರಿಪೋರ್ಟ್ ತೆಗೆದು ನೋಡಿ. ಐಎಚ್‌ಸಿ (ಕೋಶಕ್ಕೆ ಬಣ್ಣ ಹಚ್ಚಿ ಹರ್ 2 ಎಷ್ಟಿದೆ ಅಂತ ನೋಡುವ ಪರೀಕ್ಷೆ) ಅನ್ನುವ ಕಡೆ 0, 1+, 2+, 3+ ಅಂತ ಒಂದು ಅಂಕ ಇರುತ್ತದೆ. 3+ ಇದ್ದರೆ ಪಾಸಿಟಿವ್. 2+ ಇದ್ದರೆ ಅದು ಆ ಕಡೆಯೂ ಅಲ್ಲ ಈ ಕಡೆಯೂ ಅಲ್ಲ, ಹರ್ 2 ಜೀನ್ ಎಷ್ಟಿದೆ ಅಂತ ಎಣಿಸುವ ಫಿಶ್ ಅಂತ ಇನ್ನೊಂದು ಪರೀಕ್ಷೆ ಮಾಡಿ ಖಚಿತ ಮಾಡಿಕೊಳ್ಳಬೇಕು. ಆ ಎರಡನೇ ರಿಪೋರ್ಟ್ ಬಂದಿದೆಯಾ ಅಂತ ಕೇಳುವುದರಲ್ಲಿ ಸಂಕೋಚ ಬೇಡ. ಈ ಔಷಧಿ ಕ್ಯಾನ್ಸರ್ ಕೋಶದ ಮೇಲಿರುವ ಹರ್ 2 ಅನ್ನುವ ಪ್ರೋಟೀನನ್ನು ಹುಡುಕಿಕೊಂಡು ಹೋಗಿ ಹಿಡಿಯುತ್ತದೆ, "ಬೆಳೆ, ಬೆಳೆ" ಅನ್ನುವ ಸಂದೇಶವನ್ನು ತಡೆಯುತ್ತದೆ. ಆ ಪ್ರೋಟೀನ್ ಜಾಸ್ತಿ ಇಲ್ಲದಿದ್ದರೆ ಇದಕ್ಕೆ ಮಾಡಲು ಕೆಲಸವೇ ಇಲ್ಲ.

ಇದು ಕೀಮೋ ಅಲ್ಲ. ಇದೊಂದರಿಂದಲೇ ಸಾಮಾನ್ಯವಾಗಿ ಕೂದಲು ಉದುರುವುದಿಲ್ಲ. ಶುರುವಿನ ತಿಂಗಳುಗಳಲ್ಲಿ ಕೀಮೋ ಜೊತೆಗೇ ಕೊಡುವುದರಿಂದ ಯಾವ ತೊಂದರೆ ಯಾವುದರಿಂದ ಬಂತು ಅಂತ ಗೊತ್ತಾಗುವುದಿಲ್ಲ, ಅಷ್ಟೇ. ಕೀಮೋ ಮುಗಿದು ಇದು ಮಾತ್ರ ಉಳಿದ ಮೇಲೆ ಎಷ್ಟೋ ಜನ ಕೆಲಸಕ್ಕೆ ವಾಪಸ್ ಹೋಗುತ್ತಾರೆ.

ಈ ಔಷಧಿಯನ್ನು ಎರಡು ರೀತಿ ಕೊಡುತ್ತಾರೆ. ಹಳೆಯದು ಡ್ರಿಪ್. 1998ರಿಂದ ಬಳಕೆಯಲ್ಲಿದೆ. ಮೊದಲ ಸಲ ಒಂದೂವರೆ ಗಂಟೆ ಹಿಡಿಯುತ್ತದೆ, ಚೆನ್ನಾಗಿ ಒಗ್ಗಿದರೆ ಆಮೇಲೆ ಅರ್ಧ ಗಂಟೆಗೆ ಇಳಿಸುತ್ತಾರೆ. ಡೋಸ್ ತೂಕದ ಮೇಲೆ ಹೋಗುತ್ತದೆ. ಇನ್ನೊಂದು ಚರ್ಮದ ಅಡಿಗೆ ಕೊಡುವ ಇಂಜೆಕ್ಷನ್. ಇದರಲ್ಲಿ ತೂಕ ಎಷ್ಟೇ ಇರಲಿ ಎಲ್ಲರಿಗೂ 600 ಮಿ.ಗ್ರಾಂ, ಸುಮಾರು 5 ಮಿ.ಲೀ. ದ್ರವ, 2ರಿಂದ 5 ನಿಮಿಷ. ಪರ್ಟುಝುಮ್ಯಾಬ್ ಅನ್ನುವ ಜೊತೆ ಔಷಧಿಯೂ ಸೇರಿರುವ ಫೆಸ್ಗೋ ಕೂಡ ಇದೆ, ಅದರ ಮೊದಲ ಡೋಸ್ 15 ಮಿ.ಲೀ., ಸುಮಾರು 8 ನಿಮಿಷ, ಮುಂದಿನವು 10 ಮಿ.ಲೀ., 5 ನಿಮಿಷ. ಅಷ್ಟೊಂದು ದ್ರವ ಚರ್ಮದ ಅಡಿಗೆ ಹೋಗುತ್ತದಾ ಅಂತ ಅನ್ನಿಸುವುದು ಸಹಜ. ಅದಕ್ಕೇ ಹೈಯಲ್ಯುರಾನಿಡೇಸ್ ಅನ್ನುವ ಕಿಣ್ವವನ್ನು ಸೇರಿಸಿರುತ್ತಾರೆ. ಗಟ್ಟಿ ನೆಲ ಕೆದಕಿ ನೀರು ಬಿಟ್ಟ ಹಾಗೆ, ಅದು ಚರ್ಮದಡಿಯ ಪದರವನ್ನು ಸ್ವಲ್ಪ ಹೊತ್ತು ಸಡಿಲ ಮಾಡಿ ಔಷಧಿ ಹರಡಲು ಬಿಡುತ್ತದೆ.

ಇಂಜೆಕ್ಷನ್ ದಿನ ಸಡಿಲವಾದ ಬಟ್ಟೆ ಹಾಕಿಕೊಂಡು ಹೋಗಿ, ಯಾಕಂದ್ರೆ ಚುಚ್ಚುವುದು ತೊಡೆಗೆ. ಹೊಟ್ಟೆಗಲ್ಲ, ತೋಳಿಗಲ್ಲ, ತೊಡೆಗೆ ಮಾತ್ರ. ಒಂದು ಸಲ ಎಡ, ಮುಂದಿನ ಸಲ ಬಲ. ಹಿಂದೆ ಚುಚ್ಚಿದ ಜಾಗದಿಂದ ಕನಿಷ್ಠ 2.5 ಸೆಂ.ಮೀ. ದೂರ ಇರಬೇಕು. ಕೆಂಪಾದ, ಕಂದಿದ, ಗಟ್ಟಿಯಾದ, ಮುಟ್ಟಿದರೆ ನೋಯುವ ಜಾಗಕ್ಕೆ ಕೊಡಬಾರದು. ಹೋದ ಸಲ ಯಾವ ಕಾಲು ಅಂತ ಫೋನಿನಲ್ಲಿ ಬರೆದಿಟ್ಟುಕೊಳ್ಳಿ, ಸಿಸ್ಟರ್ ಕೇಳಿದಾಗ ಥಟ್ಟನೆ ಹೇಳಬಹುದು. ಕೀಮೋ ಜೊತೆ ಬಿಳಿ ರಕ್ತಕಣ ಏರಿಸುವ ಇಂಜೆಕ್ಷನ್ ಥರದ್ದು ಇನ್ನೊಂದಿದ್ದರೆ ಅದನ್ನು ಬೇರೆ ಜಾಗಕ್ಕೆ ಹಾಕಿಸಿಕೊಳ್ಳಿ.

ಸೂಜಿ ಒಳಗೆ ಹೋದದ್ದು ಅಷ್ಟು ಗೊತ್ತಾಗುವುದಿಲ್ಲ. ಔಷಧಿ ಒಳಗೆ ಇಳಿಯುವಾಗ ಉರಿ, ಒಂದು ರೀತಿಯ ಬಿಗಿತ. ಚರ್ಮ ಸ್ವಲ್ಪ ಉಬ್ಬುವುದೂ ಉಂಟು. ಉರಿ ಜಾಸ್ತಿ ಅನ್ನಿಸಿದರೆ "ಸ್ವಲ್ಪ ನಿಧಾನ" ಅನ್ನಿ, ಹಲ್ಲು ಕಚ್ಚಿಕೊಂಡು ಸುಮ್ನೆ ಕೂರಬೇಕಾಗಿಲ್ಲ. ವೇಗವಾಗಿ ತಳ್ಳಿ ಬೇಗ ಮುಗಿಸುವುದರಿಂದ ನಿಮಗೇನೂ ಲಾಭವಿಲ್ಲ. ಫ್ರಿಜ್‌ನಿಂದ ತೆಗೆದ ತಕ್ಷಣ ಕೊಟ್ಟರೆ ತಣ್ಣಗಿರುವುದಕ್ಕೇ ನೋವು ಜಾಸ್ತಿ ಆಗಬಹುದು, ಸ್ವಲ್ಪ ಹೊತ್ತು ಹೊರಗಿಟ್ಟು ಕೊಡ್ತೀರಾ ಅಂತ ಕೇಳಬಹುದು. ಇನ್ಸುಲಿನ್ ಹಾಗೆ ನೀವೇ ಚುಚ್ಚಿಕೊಳ್ಳುವ ಇಂಜೆಕ್ಷನ್ ಇದಲ್ಲ, ತರಬೇತಿ ಇದ್ದವರೇ ಕೊಡಬೇಕು.

ಆದ ತಕ್ಷಣ ಎದ್ದು ಹೊರಡಬೇಡಿ. ಮೊದಲ ಡೋಸ್ ಆದಮೇಲೆ ಕನಿಷ್ಠ ಅರ್ಧ ಗಂಟೆ, ಆಮೇಲಿನವಕ್ಕೆ ಕಾಲು ಗಂಟೆ ಅಲ್ಲೇ ಕೂತಿರಬೇಕು. ಕೆಲವು ಕಡೆ ಇನ್ನೂ ಹೆಚ್ಚು ಹೊತ್ತು ಕೂರಿಸುತ್ತಾರೆ. ಮೊದಲ ಸಲ ಚಳಿ, ನಡುಕ, ಜ್ವರ ಬರುವುದು ಡ್ರಿಪ್‌ನಲ್ಲಂತೂ ತುಂಬಾ ಸಾಮಾನ್ಯ, ಮುಂದಿನ ಸಲಗಳಲ್ಲಿ ಕಡಿಮೆಯಾಗುತ್ತದೆ. ಆದರೆ ಉಸಿರು ಕಟ್ಟಿದರೆ, ತುಟಿ ಮುಖ ಊದಿದರೆ, ಎದೆ ಬಿಗಿಯಾದರೆ, ತಲೆ ಸುತ್ತಿ ಬೀಳುವ ಹಾಗಾದರೆ ತಕ್ಷಣ ಕೂಗಿ ಹೇಳಿ, ಮನೆಗೆ ಬಂದ ಮೇಲೆ ಹೀಗಾದರೆ ನೇರ ಎಮರ್ಜೆನ್ಸಿಗೆ ಹೋಗಿ. ಮೊದಲ ದಿನ ಜೊತೆಗೆ ಯಾರಾದರೂ ಇರಲಿ, ಗಾಡಿ ನೀವು ಓಡಿಸಬೇಡಿ. ಕೀಮೋ ಕೂಡ ನಡೆಯುತ್ತಿದ್ದರೆ 38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರವನ್ನು ಇಂಜೆಕ್ಷನ್‌ನದ್ದೇ ಇರಬೇಕು ಅಂದುಕೊಂಡು ಮಾತ್ರೆ ನುಂಗಿ ಮಲಗಬೇಡಿ, ಆಸ್ಪತ್ರೆಗೆ ಫೋನ್ ಮಾಡಿ.

ಈಗ ಹೃದಯದ ವಿಷಯ. ನನ್ನ ಪ್ರಕಾರ ಇಡೀ ಚಿಕಿತ್ಸೆಯಲ್ಲಿ ರೋಗಿ ತಾನೇ ಕಣ್ಣಿಟ್ಟು ನೋಡಿಕೊಳ್ಳಬೇಕಾದದ್ದು ಇದೊಂದೇ. ಹೃದಯದ ಸ್ನಾಯುವೂ ಹರ್ 2 ಸಂದೇಶವನ್ನು ಬಳಸುತ್ತದೆ. ಹಾಗಾಗಿ ಕೆಲವರಲ್ಲಿ ಹೃದಯ ರಕ್ತ ತಳ್ಳುವ ಶಕ್ತಿ ಇಳಿಯುತ್ತದೆ, ಅದೂ ಎಷ್ಟೋ ಸಲ ಯಾವ ಲಕ್ಷಣವೂ ಕಾಣಿಸದೆ. ಅದಕ್ಕೆ ಶುರು ಮಾಡುವ ಮುಂಚೆ ಒಂದು ಎಕೋ, ಆಮೇಲೆ ಸುಮಾರು 3 ತಿಂಗಳಿಗೊಂದು. ಎಕೋ ಅಂದ್ರೆ ಎದೆಯ ಮೇಲೆ ಜೆಲ್ ಹಚ್ಚಿ ಮಾಡುವ ಸ್ಕ್ಯಾನ್, ಆಪರೇಷನ್ ಆದ ಕಡೆ ಒತ್ತಿದಾಗ ಸ್ವಲ್ಪ ನೋಯಬಹುದು, ಬೇರೆ ನೋವಿಲ್ಲ. ರಿಪೋರ್ಟ್‌ನಲ್ಲಿ "ಇಜೆಕ್ಷನ್ ಫ್ರಾಕ್ಷನ್" ಅಂತ ಒಂದು ಶೇಕಡಾ ಅಂಕ ಇರುತ್ತದೆ. ಹೃದಯ ಒಂದು ಸಲ ಹಿಂಡಿದಾಗ ಎಡ ಕೋಣೆಯ ರಕ್ತದಲ್ಲಿ ಎಷ್ಟು ಪಾಲು ಹೊರಗೆ ಹೋಗುತ್ತದೆ ಅನ್ನುವ ಲೆಕ್ಕ ಅದು. ಆ ಅಂಕವನ್ನು ತಾರೀಖಿನ ಜೊತೆ ಒಂದು ಹಾಳೆಯಲ್ಲಿ ಸಾಲಾಗಿ ಬರೆಯುತ್ತಾ ಹೋಗಿ. 64, 62, 60 ಅಂತ ಇದ್ದರೆ ಗಾಬರಿ ಬೇಡ, ಅಳೆಯುವವರ ಕೈಯಲ್ಲೇ ಅಷ್ಟು ಹೆಚ್ಚು ಕಡಿಮೆ ಆಗುತ್ತದೆ. 10 ಅಂಕ ಅಥವಾ ಅದಕ್ಕಿಂತ ಜಾಸ್ತಿ ಇಳಿದು 50ರ ಕೆಳಗೆ ಬಂದರೆ ಸಾಮಾನ್ಯವಾಗಿ ಇಂಜೆಕ್ಷನ್ ನಿಲ್ಲಿಸಿ, ಕೆಲವು ವಾರ ಬಿಟ್ಟು ಮತ್ತೆ ಎಕೋ ನೋಡುತ್ತಾರೆ. ಹೆಚ್ಚಿನವರಲ್ಲಿ ಅದು ವಾಪಸ್ ಏರುತ್ತದೆ. ಸಾಧ್ಯವಾದರೆ ಪ್ರತಿ ಸಲ ಒಂದೇ ಕಡೆ ಮಾಡಿಸಿ, ಆಗ ಹೋಲಿಸಲು ಸುಲಭ. ಎಕೋ ತಾರೀಖು ಯಾರೂ ನೆನಪಿಸದಿದ್ದರೆ ನೀವೇ ಕೇಳಿ. ಎರಡು ಎಕೋ ನಡುವೆ ಮೆಟ್ಟಿಲು ಹತ್ತಿದರೆ ಮೊದಲಿಗಿಂತ ಏದುಸಿರು, ರಾತ್ರಿ ಮಲಗಿದಾಗ ಕೆಮ್ಮು, ಕಾಲ ಗಿಣ್ಣು ಊದುವುದು, ಎರಡು ಮೂರು ದಿನದಲ್ಲಿ ತೂಕ ದಿಢೀರ್ ಏರುವುದು, ಇವನ್ನು "ವಯಸ್ಸಾಯ್ತು, ಸುಸ್ತು" ಅಂತ ತಳ್ಳಿಹಾಕಬೇಡಿ.

ಹೆಸರಿನ ಗೊಂದಲ ಇನ್ನೊಂದು. ಟ್ರಾಸ್ಟುಝುಮ್ಯಾಬ್ ಬೇರೆ, ಟ್ರಾಸ್ಟುಝುಮ್ಯಾಬ್ ಎಮ್ಟಾನ್ಸಿನ್ ಬೇರೆ, ಟ್ರಾಸ್ಟುಝುಮ್ಯಾಬ್ ಡೆರುಕ್ಸ್ಟೆಕಾನ್ ಬೇರೆ. ಕೊನೆಯ ಎರಡರಲ್ಲಿ ಕೀಮೋ ಔಷಧಿ ಅಂಟಿಸಿರುತ್ತಾರೆ, ಡೋಸ್ ಪೂರಾ ಬೇರೆ, ಒಂದರ ಬದಲು ಇನ್ನೊಂದು ಕೊಡುವ ಹಾಗೇ ಇಲ್ಲ. ಡ್ರಿಪ್‌ನ ಬಾಟಲಿಯನ್ನು ಚರ್ಮದಡಿಗೆ ಕೊಡುವಂತಿಲ್ಲ, ಚರ್ಮದಡಿಯದ್ದನ್ನು ಡ್ರಿಪ್‌ಗೆ ಹಾಕುವಂತಿಲ್ಲ. ಕೊಡುವ ಮುಂಚೆ ಬಾಟಲಿಯ ಲೇಬಲ್ ತೋರಿಸಿ ಅಂತ ಕೇಳಿ, ಯಾರೂ ಬೇಜಾರು ಮಾಡಿಕೊಳ್ಳಬಾರದು, ಮಾಡಿಕೊಂಡರೂ ಪರವಾಗಿಲ್ಲ. ಬಯೋಸಿಮಿಲರ್ ಅಂದರೆ ಹೆದರಬೇಡಿ, ಅದು ಬೇರೆ ಕಂಪನಿ ತಯಾರಿಸಿದ ಅದೇ ಬಗೆಯ ಔಷಧಿ, ಪರೀಕ್ಷೆ ಆಗಿಯೇ ಬಂದಿರುತ್ತದೆ. ಬ್ರ್ಯಾಂಡ್ ಬದಲಾದರೆ ಹೆಸರು ಬರೆದಿಟ್ಟುಕೊಳ್ಳಿ ಸಾಕು.

ತಾರೀಖು ತಪ್ಪಿತಾ? ಚರ್ಮದಡಿಯ 600 ಮಿ.ಗ್ರಾಂ ಆದರೆ ಆದಷ್ಟು ಬೇಗ ಹಾಕಿಸಿಕೊಂಡು ಅಲ್ಲಿಂದ ಮತ್ತೆ ಮೂರು ವಾರ ಎಣಿಸುತ್ತಾರೆ. ಡ್ರಿಪ್ ಒಂದು ವಾರಕ್ಕಿಂತ ತಡವಾದರೆ ಮತ್ತೆ ಮೊದಲಿನ ದೊಡ್ಡ ಡೋಸ್‌ನಿಂದ ಶುರು. ಫೆಸ್ಗೋದಲ್ಲಿ ಎರಡು ಡೋಸ್ ನಡುವೆ 6 ವಾರ ಆಗಿಬಿಟ್ಟರೆ ಹಾಗೆಯೇ. ಪರ್ಟುಝುಮ್ಯಾಬ್ ಇದ್ದವರಿಗೆ ಭೇದಿಯ ಕಾಟ ಜಾಸ್ತಿ, ಮಾತ್ರೆ ಮುಂಚೆಯೇ ಬರೆಸಿಕೊಂಡಿರಿ.

ಮಗು ಆಗುವ ಸಾಧ್ಯತೆ ಇರುವ ವಯಸ್ಸಿನವರು ಚಿಕಿತ್ಸೆ ನಡೆಯುವಾಗ, ಮತ್ತು ಕೊನೆಯ ಡೋಸ್ ಆಗಿ 7 ತಿಂಗಳವರೆಗೂ, ಗರ್ಭ ನಿಲ್ಲದ ಹಾಗೆ ನೋಡಿಕೊಳ್ಳಬೇಕು. ಔಷಧಿ ಅಷ್ಟು ಕಾಲ ಮೈಯಲ್ಲಿ ಉಳಿಯುತ್ತದೆ, ಗರ್ಭದೊಳಗಿನ ನೀರು ಕಡಿಮೆಯಾಗಿ ಮಗುವಿಗೆ ಅಪಾಯ. ಯಾವ ವಿಧಾನ ಅನ್ನುವುದನ್ನು ಕ್ಯಾನ್ಸರ್ ಡಾಕ್ಟರ್ ಹತ್ತಿರವೇ ಕೇಳಿ, ಹಾರ್ಮೋನ್ ಮಾತ್ರೆ ಸಾಮಾನ್ಯವಾಗಿ ಬೇಡ ಅನ್ನುತ್ತಾರೆ. ಎಕೋ ಕೂಡ ಕೊನೆಯ ಇಂಜೆಕ್ಷನ್‌ಗೇ ನಿಲ್ಲುವುದಿಲ್ಲ, 6 ತಿಂಗಳಿಗೊಮ್ಮೆ ಕನಿಷ್ಠ 2 ವರ್ಷ ಮಾಡಿಸಬೇಕಾಗುತ್ತದೆ, ಆಂಥ್ರಾಸೈಕ್ಲಿನ್ ಗುಂಪಿನ ಕೀಮೋ ತಗೊಂಡವರಿಗೆ ಇನ್ನೂ ಹೆಚ್ಚು ಕಾಲ. ಅಂಕ ಬರೆದಿಟ್ಟ ಆ ಹಾಳೆ ಎಸೆಯಬೇಡಿ, ಮುಂದೆ ಬೇರೆ ಯಾವ ಡಾಕ್ಟರ್ ಹತ್ತಿರ ಹೋದರೂ ಮೊದಲು ಕೇಳುವುದು ಅದನ್ನೇ.