ಕ್ಯಾಶ್‌ಬ್ಯಾಕ್ ಕಾರ್ಡ್, ಕ್ಯಾಶ್‌ಬ್ಯಾಕ್ ಖಾತೆ: ನಾನು ಲೆಕ್ಕ ಇಡುವ ಬಗೆ

ಕ್ಯಾಶ್‌ಬ್ಯಾಕ್ ಎಂದರೆ ಖರ್ಚು ಮಾಡಿದ ಹಣದಲ್ಲಿ ಒಂದು ಪಾಲನ್ನು ಬ್ಯಾಂಕು ಹಿಂದಿರುಗಿಸುವುದು. ಕಾರ್ಡಿನ ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಕಾಣುವ ಶೇಕಡಾವಾರನ್ನು ನಾನು ಕೊನೆಗೆ ನೋಡುತ್ತೇನೆ. ಮೊದಲು ನೋಡುವುದು ಮೂರು ವಿಷಯ: ತಿಂಗಳಿಗೆ ಹೆಚ್ಚೆಂದರೆ ಎಷ್ಟು ಕೊಡುತ್ತಾರೆ, ಯಾವ ಖರ್ಚಿಗೆ ಏನೂ ಕೊಡುವುದಿಲ್ಲ, ಆ ತಿಂಗಳನ್ನು ಯಾವ ದಿನದಿಂದ ಯಾವ ದಿನದವರೆಗೆ ಎಣಿಸುತ್ತಾರೆ. ಮೂರೂ ಷರತ್ತುಗಳ ಪಿಡಿಎಫ್‌ನಲ್ಲಿ ಇರುತ್ತವೆ, ಸಾಮಾನ್ಯವಾಗಿ ಕೊನೆಯ ಪುಟಗಳಲ್ಲಿ. ಅದನ್ನು ಓದಿ ಮುಗಿಸಿದ ಮೇಲೆ ಶೇ 5 ಅನ್ನುವುದು ನನ್ನ ಖರ್ಚಿನ ಮಟ್ಟಿಗೆ ಎಷ್ಟಾಗುತ್ತದೆ ಎಂದು ಎಕ್ಸೆಲ್ ಹಾಳೆಯಲ್ಲಿ ಹಾಕುತ್ತೇನೆ. ಎಷ್ಟೋ ಸಲ ಅದು ಶೇ 2ರ ಹತ್ತಿರ ಬಂದು ನಿಲ್ಲುತ್ತದೆ.

ಹಾಳೆ ತುಂಬ ಸರಳ. ಒಂದೊಂದು ಸಾಲಿಗೆ ಒಂದೊಂದು ಬಗೆಯ ಖರ್ಚು: ದಿನಸಿ, ಇಂಧನ, ಕರೆಂಟು-ನೀರು-ಫೋನು, ಆನ್‌ಲೈನ್ ಖರೀದಿ, ಪ್ರಯಾಣ, ವಿಮೆ, ಬಾಡಿಗೆ, ಉಳಿದದ್ದು. ಅಂದಾಜಿನಲ್ಲಿ ತುಂಬಬೇಡಿ, ಹಿಂದಿನ ಹನ್ನೆರಡು ತಿಂಗಳ ಸ್ಟೇಟ್‌ಮೆಂಟ್ ತೆಗೆದು ತುಂಬಿ. ವರ್ಷಕ್ಕೊಮ್ಮೆ ಬರುವ ವಿಮೆ, ಶಾಲೆ ಫೀಸು ಅಂದಾಜಿನಲ್ಲಿ ಯಾವಾಗಲೂ ತಪ್ಪಿಹೋಗುತ್ತವೆ. ಪಕ್ಕದ ಕಾಲಂಗಳಲ್ಲಿ ಕಾರ್ಡಿನ ದರ, ಮಿತಿ, ಶುಲ್ಕ. ಕೆಳಗೆ ಬರುವ ಅಂಕಿಗಳನ್ನೆಲ್ಲ ನಿಮ್ಮ ನಿಮ್ಮ ಹಣದಲ್ಲಿ ಓದಿಕೊಳ್ಳಿ.

ಮಿತಿಯ ಲೆಕ್ಕ ಹೀಗಿದೆ. ಶೇ 5 ಕೊಡುವ ಕಾರ್ಡು, ತಿಂಗಳಿಗೆ 500ರ ಮಿತಿ, ಮಿತಿ ದಾಟಿದ ಮೇಲೆ ಶೇ 1. ಅಂದರೆ 10,000 ಖರ್ಚಾದ ಕೂಡಲೇ ಆ ಕಾರ್ಡಿನ ಕೆಲಸ ಮುಗಿಯಿತು. ಅದರಲ್ಲೇ 15,000 ಉಜ್ಜಿದರೆ ಸಿಗುವುದು 550, ಅಂದರೆ ಶೇ 3.67. ಹತ್ತು ಸಾವಿರಕ್ಕೆ ನಿಲ್ಲಿಸಿ ಉಳಿದ ಐದನ್ನು ಎಲ್ಲದಕ್ಕೂ ಶೇ 2 ಕೊಡುವ ಸಾದಾ ಕಾರ್ಡಿಗೆ ಹಾಕಿದರೆ 600. ನಾನು ಕಾರ್ಡ್ ಜೋಡಿ ಮಾಡುವುದು ಇದೇ ಸೂತ್ರದ ಮೇಲೆ: ಹೆಚ್ಚು ಖರ್ಚಾಗುವ ಒಂದು ಅಥವಾ ಎರಡು ಬಗೆಗೆ ಒಂದೊಂದು ವಿಶೇಷ ಕಾರ್ಡು, ಮಿಕ್ಕ ಎಲ್ಲದಕ್ಕೂ ಒಂದು ಸಾದಾ ಕಾರ್ಡು. ಮೂರಕ್ಕಿಂತ ಹೆಚ್ಚಾದರೆ ಸಿಗುವ ಹೆಚ್ಚುವರಿ ಲಾಭಕ್ಕಿಂತ ನೆನಪಿಡುವ ತಲೆನೋವೇ ಜಾಸ್ತಿ.

ಮಿತಿ ಕ್ಯಾಲೆಂಡರ್ ತಿಂಗಳಿಗೋ ಒಂದು ಬಿಲ್ಲಿನಿಂದ ಮುಂದಿನ ಬಿಲ್ಲಿನವರೆಗಿನ ಬಿಲ್ಲಿಂಗ್ ಸೈಕಲ್‌ಗೋ ಎಂಬುದು ಚಿಕ್ಕ ವಿಷಯ ಅನಿಸಬಹುದು, ಆದರೆ ಹಣ ಸೋರುವುದು ಇಲ್ಲೇ. ಜೊತೆಗೆ ಹೆಚ್ಚಿನ ಬ್ಯಾಂಕುಗಳು ಎಣಿಸುವುದು ನೀವು ಕಾರ್ಡ್ ಉಜ್ಜಿದ ದಿನವನ್ನಲ್ಲ, ವಹಿವಾಟು ಖಾತೆಗೆ ಪಕ್ಕಾ ಏರಿದ ದಿನವನ್ನು. ಎರಡರ ನಡುವೆ ಒಂದರಿಂದ ಮೂರು ದಿನ ಅಂತರ ಇರುತ್ತದೆ. ಆನ್‌ಲೈನ್ ಅಂಗಡಿ ಸರಕು ಕಳಿಸಿದ ಮೇಲೆ ಹಣ ಎಳೆದುಕೊಳ್ಳುವುದಾದರೆ ಇನ್ನೂ ಹೆಚ್ಚು. ಹಾಗಾಗಿ ಸೈಕಲ್ ಮುಗಿಯುವ ಕೊನೆಯ ಮೂರು ದಿನ ಮಿತಿ ತುಂಬಿಸುವ ಉದ್ದೇಶದ ಖರೀದಿ ಮಾಡುವುದಿಲ್ಲ. ಅದು ಮುಂದಿನ ಸೈಕಲ್‌ಗೆ ಬಿದ್ದು, ಈ ತಿಂಗಳ ಮಿತಿ ಖಾಲಿ ಉಳಿದು, ಮುಂದಿನ ತಿಂಗಳದ್ದು ಬೇಗ ಮುಗಿಯುತ್ತದೆ.

ದುಂಡು ಮಾಡುವ ಲೆಕ್ಕವನ್ನೂ ನೋಡಿಕೊಳ್ಳಿ. 'ಪ್ರತಿ 100ಕ್ಕೆ 2' ಎಂದು ಬರೆದಿದ್ದರೆ 190ರ ಬಿಲ್ಲಿಗೆ ಸಿಗುವುದು 2 ಮಾತ್ರ, 90 ಲೆಕ್ಕಕ್ಕಿಲ್ಲ. ಅಂಥ ಐದು ಬಿಲ್ಲಿಗೆ ಒಟ್ಟು 10. ಅದೇ 950ನ್ನು ಒಂದೇ ಬಿಲ್ಲಿನಲ್ಲಿ ಕೊಟ್ಟಿದ್ದರೆ 18. ಇಂಥ ಕಾರ್ಡನ್ನು ಚಿಲ್ಲರೆ ಖರ್ಚಿಗೆ ಬಳಸುವುದೇ ದಂಡ. ಷರತ್ತಿನಲ್ಲಿ 'ಪ್ರತಿ ವಹಿವಾಟಿನ ಶೇ 2' ಎಂದಿದ್ದರೆ ಈ ತಾಪತ್ರಯ ಇಲ್ಲ.

ಇನ್ನು ಅತಿ ಹೆಚ್ಚು ಜನ ಎಡವುವ ಜಾಗ. ನೀವು ಏನು ಕೊಂಡಿರಿ ಎಂಬುದು ಬ್ಯಾಂಕಿಗೆ ಗೊತ್ತಾಗುವುದಿಲ್ಲ. ಅದು ಮುಖ್ಯವಾಗಿ ನೋಡುವುದು ಅಂಗಡಿಗೆ ಕೊಟ್ಟಿರುವ ನಾಲ್ಕಂಕಿಯ ಎಂಸಿಸಿ ಸಂಕೇತವನ್ನು, ಅಂದರೆ ಅದು ಯಾವ ಬಗೆಯ ವ್ಯಾಪಾರ ಎಂದು ತಿಳಿಸುವ ಅಂಕಿಯನ್ನು. ಐಎಸ್ಒ 18245 ಎಂಬ ಮಾನದಂಡದಲ್ಲಿ ಇವುಗಳ ಪಟ್ಟಿ ಇದೆ: 5411 ದಿನಸಿ ಮತ್ತು ಸೂಪರ್ ಮಾರ್ಕೆಟ್, 5812 ರೆಸ್ಟೋರೆಂಟ್, 5814 ಫಾಸ್ಟ್ ಫುಡ್, 5541 ಇಂಧನ ಬಂಕು, 5542 ತಾನೇ ಹಣ ಪಡೆಯುವ ಇಂಧನ ಪಂಪು, 4900 ಕರೆಂಟು-ನೀರು-ಗ್ಯಾಸು, 5912 ಔಷಧಿ ಅಂಗಡಿ, 5311 ಡಿಪಾರ್ಟ್‌ಮೆಂಟ್ ಸ್ಟೋರ್. ಸಂಕೇತ ಕೊಡುವುದು ಅಂಗಡಿಯ ಬ್ಯಾಂಕು, ನಿಮ್ಮ ಬ್ಯಾಂಕಲ್ಲ. ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರಿನೊಳಗೆ ಅಕ್ಕಿ-ಬೇಳೆಯನ್ನೇ ಕೊಂಡರೂ 5311 ಎಂದು ಬಂದರೆ ದಿನಸಿ ಕ್ಯಾಶ್‌ಬ್ಯಾಕ್ ಸಿಗದು. ಲಾಡ್ಜಿನ ಒಳಗಿನ ರೆಸ್ಟೋರೆಂಟಿನ ಬಿಲ್ಲು ಎಷ್ಟೋ ಕಡೆ 7011 ಎಂದು, ಅಂದರೆ ವಸತಿ ಎಂದು ಏರುತ್ತದೆ. ಮಧ್ಯದಲ್ಲಿ ವಾಲೆಟ್ ಅಥವಾ ಪೇಮೆಂಟ್ ಆ್ಯಪ್ ಬಂದರೆ ಅಂಗಡಿಯ ಸಂಕೇತದ ಬದಲು ಆ ಆ್ಯಪಿನದ್ದೇ ದಾಖಲಾಗುವುದುಂಟು.

ಪರೀಕ್ಷಿಸುವುದು ಸುಲಭ. ಹೊಸ ಅಂಗಡಿಯಲ್ಲಿ ದೊಡ್ಡ ಖರೀದಿಗೆ ಮುನ್ನ ಒಂದು ಸಣ್ಣ ಬಿಲ್ಲು ಮಾಡಿ. ಅದು ಪಕ್ಕಾ ಏರುವ ತನಕ ಕಾದು, ಬ್ಯಾಂಕಿನ ಆ್ಯಪಿನಲ್ಲಿ ಯಾವ ವರ್ಗ ತೋರಿಸುತ್ತದೆ, ಎಷ್ಟು ಕ್ಯಾಶ್‌ಬ್ಯಾಕ್ ಬಂದಿದೆ ಎಂದು ನೋಡಿ. ಬಾಕಿ ಸ್ಥಿತಿಯಲ್ಲಿರುವಾಗ ಕಾಣುವ ವರ್ಗವನ್ನು ನಂಬಬೇಡಿ, ಅದು ಬದಲಾಗುತ್ತದೆ. ಫಲಿತಾಂಶವನ್ನು ಅದೇ ಎಕ್ಸೆಲ್ ಹಾಳೆಯ ಎರಡನೇ ಪುಟದಲ್ಲಿ ಅಂಗಡಿಯ ಹೆಸರಿನ ಎದುರು ಬರೆದಿಡುತ್ತೇನೆ. ಸ್ವಲ್ಪ ಕಾಲ ಕಳೆದರೆ ಈ ಪಟ್ಟಿ ಯಾವ ಕಾರ್ಡಿಗಿಂತಲೂ ಬೆಲೆಬಾಳುತ್ತದೆ.

ಕೆಲವು ಸಂಕೇತಗಳಿಗೆ ಬಹುತೇಕ ಕಾರ್ಡುಗಳು ಕ್ಯಾಶ್‌ಬ್ಯಾಕ್ ಕೊಡುವುದಿಲ್ಲ ಅಥವಾ ಮೇಲಿಂದ ಶುಲ್ಕ ಹಾಕುತ್ತವೆ: 6540 ವಾಲೆಟ್ ತುಂಬಿಸುವುದು, 6051 ನಗದಿಗೆ ಸಮಾನವಾದದ್ದು, 6513 ಬಾಡಿಗೆ, 9311 ತೆರಿಗೆ, 7995 ಜೂಜು. 6011, ಅಂದರೆ ಎಟಿಎಂನಿಂದ ನಗದು, ಎಲ್ಲಕ್ಕಿಂತ ದುಬಾರಿ. ಕ್ರೆಡಿಟ್ ಕಾರ್ಡಿನಲ್ಲಿ ನಗದು ತೆಗೆದ ಗಳಿಗೆಯಿಂದಲೇ ಬಡ್ಡಿ ಶುರು, ಅದಕ್ಕೆ ಬಡ್ಡಿರಹಿತ ದಿನಗಳ ಸೌಲಭ್ಯ ಇಲ್ಲ, ಮೇಲೆ ಬೇರೆ ಶುಲ್ಕ. ಇಎಂಐಗೆ ಬದಲಿಸಿದ ಖರೀದಿಗೂ ಸಾಮಾನ್ಯವಾಗಿ ಕ್ಯಾಶ್‌ಬ್ಯಾಕ್ ರದ್ದು.

ಈಗ ಬಡ್ಡಿ. ಸೈಕಲ್ಲಿನ ಮೊದಲ ದಿನ 10,000ದ ಖರೀದಿ. ಮೂವತ್ತನೇ ದಿನ ಬಿಲ್ಲು, ಅದಾಗಿ ಇಪ್ಪತ್ತು ದಿನಕ್ಕೆ ಕಟ್ಟುವ ಕೊನೆಯ ದಿನ. ಆ ದಿನ 9,000 ಕಟ್ಟಿ 1,000 ಉಳಿಸಿಕೊಂಡಿರಿ ಎಂದುಕೊಳ್ಳಿ. ಬಡ್ಡಿ ಆ 1,000ಕ್ಕೆ ಮಾತ್ರ ಎಂದು ಭಾವಿಸುವವರೇ ಹೆಚ್ಚು. ಹಲವು ಬ್ಯಾಂಕುಗಳ ಷರತ್ತಿನಲ್ಲಿ ಪೂರ್ತಿ ಕಟ್ಟದಿದ್ದರೆ ಖರೀದಿಯ ದಿನದಿಂದಲೇ ಪೂರ್ತಿ 10,000ಕ್ಕೆ ಬಡ್ಡಿ. ತಿಂಗಳಿಗೆ ಶೇ 3, ಅಂದರೆ ವರ್ಷಕ್ಕೆ ಶೇ 36 ಆದರೆ, 50 ದಿನಕ್ಕೆ ಸುಮಾರು 493. ಶೇ 2ರ ಕಾರ್ಡಿನಲ್ಲಿ ಆ ಖರೀದಿಗೆ ಬಂದ ಕ್ಯಾಶ್‌ಬ್ಯಾಕ್ 200. ಅಲ್ಲಿಗೂ ಮುಗಿಯಲಿಲ್ಲ: ಹಳೆ ಬಾಕಿ ಪೂರ್ತಿ ತೀರುವ ತನಕ ಹೊಸ ಖರೀದಿಗೂ ಬಡ್ಡಿರಹಿತ ದಿನಗಳು ಸಿಗುವುದಿಲ್ಲ. ಬಾಕಿ ಉಳಿಸಿಕೊಳ್ಳುವ ಅಭ್ಯಾಸ ಇದ್ದವರಿಗೆ ಈ ಬರಹದ ಬೇರೆ ಯಾವ ಭಾಗವೂ ಉಪಯೋಗಕ್ಕೆ ಬಾರದು. ಅವರು ಮೊದಲು ಕಡಿಮೆ ಬಡ್ಡಿಯ ಸಾಲ ತೆಗೆದು ಅದನ್ನು ತೀರಿಸಲಿ.

ಆಟೋ ಡೆಬಿಟ್ ಹಾಕುವಾಗ 'ಪೂರ್ತಿ ಮೊತ್ತ' ಆರಿಸಿ. ಮಿನಿಮಮ್ ಡ್ಯೂ, ಅಂದರೆ ಆ ಬಿಲ್ಲಿಗೆ ಕಟ್ಟಲೇಬೇಕಾದ ಕನಿಷ್ಠ ಮೊತ್ತ ಎಂಬುದೇ ಎಷ್ಟೋ ಕಡೆ ಮೊದಲೇ ಟಿಕ್ ಆಗಿರುತ್ತದೆ. ನೋಂದಣಿ ಜಾರಿಗೆ ಬರಲು ಸಮಯ ಹಿಡಿಯುವುದರಿಂದ ಮೊದಲ ಬಿಲ್ಲನ್ನು ಕೈಯಾರೆ ಕಟ್ಟುವುದೇ ಕ್ಷೇಮ. ಖಾತೆಯಲ್ಲಿ ಹಣ ಸಾಲದೆ ಡೆಬಿಟ್ ವಾಪಸಾದರೆ ಎರಡೂ ಕಡೆ ದಂಡ ಬೀಳಬಹುದು.

ಬಿಲ್ಲಿಗೆ ಸಂಬಂಧಿಸಿದ ಎರಡು ಸೂಕ್ಷ್ಮಗಳು. ಬಿಲ್ಲು ಬಂದ ಮೇಲೆ ಸರಕು ಹಿಂದಿರುಗಿಸಿ ರೀಫಂಡ್ ಬಂದರೂ ಹಲವು ಬ್ಯಾಂಕುಗಳು ಅದನ್ನು ನೀವು ಕಟ್ಟಿದ ಹಣ ಎಂದು ಎಣಿಸುವುದಿಲ್ಲ. ಕ್ಯಾಶ್‌ಬ್ಯಾಕ್ ಅನ್ನು ಬಿಲ್ಲಿಗೆ ಜಮಾ ಮಾಡಿಸಿಕೊಂಡಾಗಲೂ ಹಾಗೆಯೇ. ಎರಡೂ ಸಂದರ್ಭದಲ್ಲಿ ಸ್ಟೇಟ್‌ಮೆಂಟ್‌ನಲ್ಲಿ ನಮೂದಾದ ಮೊತ್ತವನ್ನೇ ಕಟ್ಟಿಬಿಡುತ್ತೇನೆ. ಹೆಚ್ಚಾದದ್ದು ಮುಂದಿನ ಬಿಲ್ಲಿನಲ್ಲಿ ಕಳೆದುಹೋಗುತ್ತದೆ. ಇನ್ನೊಂದು, ಕಾರ್ಡಿನ ಲಿಮಿಟ್ಟಿನಲ್ಲಿ ದೊಡ್ಡ ಪಾಲು ಬಳಸಿದ ತಿಂಗಳು ಬಿಲ್ಲು ಬರುವ ಮೊದಲೇ ಒಂದಷ್ಟು ಕಟ್ಟಿ. ಸಾಲದ ದಾಖಲೆ ಇಟ್ಟು ಸ್ಕೋರ್ ಕೊಡುವ ಕ್ರೆಡಿಟ್ ಬ್ಯೂರೋಗೆ ಸಾಮಾನ್ಯವಾಗಿ ಹೋಗುವುದು ಬಿಲ್ಲಿನ ದಿನದ ಬಾಕಿ. ನೀವು ಪ್ರತಿ ತಿಂಗಳೂ ಪೂರ್ತಿ ಕಟ್ಟುವವರೇ ಆದರೂ ಆ ಅಂಕಿ ದೊಡ್ಡದಿದ್ದರೆ ಸ್ಕೋರ್ ಇಳಿಯುತ್ತದೆ.

ವಾರ್ಷಿಕ ಶುಲ್ಕದ ಲೆಕ್ಕವನ್ನು ಜನ ಸೊನ್ನೆಗೆ ಹೋಲಿಸಿ ಹಾಕುತ್ತಾರೆ. ಶುಲ್ಕ 1,000, ದರ ಶೇ 2, ಹಾಗಾದರೆ 50,000 ಖರ್ಚಿಗೆ ಶುಲ್ಕ ವಾಪಸ್ ಅನ್ನುತ್ತಾರೆ. ಕೈಯಲ್ಲಿ ಶುಲ್ಕವಿಲ್ಲದ ಶೇ 1ರ ಕಾರ್ಡು ಇದ್ದಾಗ ಈ ಹೊಸ ಕಾರ್ಡು ಹೆಚ್ಚಾಗಿ ತರುವುದು ಶೇ 1 ಅಷ್ಟೇ. ಶುಲ್ಕ ಹುಟ್ಟಲು ವರ್ಷಕ್ಕೆ 1,00,000 ಖರ್ಚಾಗಬೇಕು. ಲಾಭ ಶುರುವಾಗುವುದು ಅದರ ಆಚೆಗೆ.

ಕ್ಯಾಶ್‌ಬ್ಯಾಕ್ ಕೊಡುವ ಬ್ಯಾಂಕ್ ಖಾತೆಗಳಿಗೂ ಇದೇ ಕಣ್ಣು ಬೇಕು. ಇವು ಸಾಮಾನ್ಯವಾಗಿ ಕರೆಂಟು, ನೀರು, ಫೋನಿನಂಥ ಬಿಲ್ಲುಗಳನ್ನು ಖಾತೆಯಿಂದ ತಾನಾಗಿ ಕಡಿತವಾಗುವಂತೆ ಇಟ್ಟರೆ ಶೇ 1ರಿಂದ 2 ಹಿಂದಿರುಗಿಸುತ್ತವೆ. ಬದಲಿಗೆ ತಿಂಗಳ ಶುಲ್ಕ, ತಿಂಗಳಿಗೆ ಇಷ್ಟು ಹಣ ಒಳಬರಬೇಕೆಂಬ ನಿಯಮ, ಕೆಲವಕ್ಕೆ ಕನಿಷ್ಠ ಬ್ಯಾಲೆನ್ಸ್. ಬಿಲ್ಲು 4,000, ದರ ಶೇ 2, ಸಿಕ್ಕಿದ್ದು 80. ಶುಲ್ಕ 50 ಹೋಗಿ ಉಳಿದದ್ದು 30. ವರ್ಷಕ್ಕೆ 360. ಇದಕ್ಕಾಗಿ 50,000 ಬಡ್ಡಿಯಿಲ್ಲದೆ ಕೂರಬೇಕೆಂದರೆ, ಅದೇ ಹಣ ಬೇರೆ ಕಡೆ ಶೇ 4ಕ್ಕೆ 2,000 ತರುತ್ತಿತ್ತು. ಇಂಥ ಖಾತೆ ಮುಚ್ಚಿದ ದಿನವೇ ಲಾಭ. ಕನಿಷ್ಠ ಬ್ಯಾಲೆನ್ಸ್ ಇಲ್ಲದೆ 'ಒಳಬರುವ ಹಣ'ದ ನಿಯಮ ಮಾತ್ರ ಇದ್ದರೆ ಸುಲಭ: ಸಂಬಳದ ಖಾತೆಯಿಂದ ತಿಂಗಳ ಮೊದಲ ವಾರ ನಿಗದಿತ ಮೊತ್ತ ತಾನಾಗಿ ಅಲ್ಲಿಗೆ ಹೋಗುವಂತೆ, ಎರಡು ದಿನ ಬಿಟ್ಟು ಬಿಲ್ಲಿಗೆ ಬೇಕಾದಷ್ಟು ಉಳಿಸಿ ಮಿಕ್ಕದ್ದು ಮರಳುವಂತೆ ಇಟ್ಟರೆ ಸಾಕು. ಆದರೆ ಷರತ್ತಿನಲ್ಲಿ ಸಂಬಳವೇ ಬರಬೇಕು ಎಂದಿದೆಯೋ, ಸ್ವಂತ ಖಾತೆಯ ವರ್ಗಾವಣೆ ನಡೆಯುತ್ತದೋ ನೋಡಿಕೊಳ್ಳಿ.

ಈ ಹಣ ಬರುವುದೆಲ್ಲಿಂದ? ಮುಖ್ಯವಾಗಿ ಪ್ರತಿ ಕಾರ್ಡ್ ಪಾವತಿಗೆ ಅಂಗಡಿಯ ಬ್ಯಾಂಕು ಅಂಗಡಿಯವನಿಂದ ಪಡೆದು ನಿಮ್ಮ ಕಾರ್ಡಿನ ಬ್ಯಾಂಕಿಗೆ ಕೊಡುವ ಇಂಟರ್‌ಚೇಂಜ್ ಶುಲ್ಕದಿಂದ. ಅದು ಗೊತ್ತಿದ್ದರೆ ಯಾವ ಕೊಡುಗೆ ಬಾಳುತ್ತದೆ ಎಂದು ಊಹಿಸಬಹುದು. ಐರೋಪ್ಯ ಒಕ್ಕೂಟ 2015ರ ನಿಯಮದಲ್ಲಿ ಗ್ರಾಹಕರ ಡೆಬಿಟ್ ಕಾರ್ಡಿಗೆ ಶೇ 0.2, ಕ್ರೆಡಿಟ್ ಕಾರ್ಡಿಗೆ ಶೇ 0.3 ಎಂದು ಮಿತಿ ಹಾಕಿದ ಕಾರಣ ಅಲ್ಲಿನ ಕ್ಯಾಶ್‌ಬ್ಯಾಕ್ ತೆಳು. ಅಮೆರಿಕದಲ್ಲಿ 2011ರಿಂದ ದೊಡ್ಡ ಬ್ಯಾಂಕುಗಳ ಡೆಬಿಟ್ ಕಾರ್ಡಿಗೆ ಮಿತಿ ಬಂತು, ಕ್ರೆಡಿಟ್ ಕಾರ್ಡಿಗೆ ಬರಲಿಲ್ಲ. ಧಾರಾಳವೆಲ್ಲ ಕ್ರೆಡಿಟ್ ಕಡೆಗೇ ಉಳಿಯಿತು. ಭಾರತದಲ್ಲಿ 2020ರ ಜನವರಿಯಿಂದ ಬ್ಯಾಂಕ್ ಖಾತೆಯಿಂದ ನೇರ ಹೋಗುವ ಯುಪಿಐ ಮತ್ತು ರುಪೇ ಡೆಬಿಟ್ ಪಾವತಿಗೆ ಅಂಗಡಿಯವರಿಂದ ಶುಲ್ಕ ಪಡೆಯುವಂತಿಲ್ಲ. ಈ ಶುಲ್ಕಕ್ಕಿಂತ ಬಹಳ ಮೇಲಿನ ದರ ಕಂಡರೆ ಅದು ಪ್ರಚಾರದ ಹಣ ಅಥವಾ ಯಾವುದೋ ಅಂಗಡಿಯ ಪಾಲು ಎಂದು ತಿಳಿಯಿರಿ. ಇರುವಷ್ಟು ದಿನ ಬಳಸಿ, ಅದನ್ನು ನಂಬಿ ವಾರ್ಷಿಕ ಶುಲ್ಕ ಮಾತ್ರ ಕಟ್ಟಬೇಡಿ.

ವಿದೇಶಿ ಹಣದ ಖರೀದಿಯಲ್ಲಿ ಬ್ಯಾಂಕು ಮೇಲೆ ಸೇರಿಸುವ ಶುಲ್ಕ, ಅಂದರೆ ಮಾರ್ಕಪ್, ಶೇ 3.5, ಕ್ಯಾಶ್‌ಬ್ಯಾಕ್ ಶೇ 2 ಆದರೆ ಪ್ರತಿ 10,000ಕ್ಕೆ 150 ನಷ್ಟ. ಯಂತ್ರ 'ನಿಮ್ಮ ದೇಶದ ಹಣದಲ್ಲಿ ಕಟ್ಟುವಿರಾ' ಎಂದು ಕೇಳಿದರೆ ಬೇಡ ಅನ್ನಿ. ಆ ಪರಿವರ್ತನೆಯ ದರ ಅಂಗಡಿ ಕಡೆಯವರು ಹಾಕುವಂಥದ್ದು, ಸಾಮಾನ್ಯವಾಗಿ ಕಾರ್ಡ್ ಜಾಲದ ದರಕ್ಕಿಂತ ತುಟ್ಟಿ.

ಕ್ಯಾಶ್‌ಬ್ಯಾಕ್ ಪೋರ್ಟಲ್‌ಗಳನ್ನು ಕಾರ್ಡಿನ ಮೇಲೆ ಇನ್ನೊಂದು ಪದರವಾಗಿ ಸೇರಿಸಬಹುದು. ತಮ್ಮ ಲಿಂಕಿನಿಂದ ಆನ್‌ಲೈನ್ ಅಂಗಡಿಗೆ ಹೋಗಿ ಕೊಂಡರೆ ಒಂದು ಪಾಲು ಹಿಂದಿರುಗಿಸುವ ತಾಣಗಳಿವು. ಖರೀದಿ ದಾಖಲಾಗುವುದು ಬ್ರೌಸರಿನಲ್ಲಿ ಉಳಿಯುವ ಕುಕಿ ಎಂಬ ಗುರುತಿನಿಂದ. ಕೊನೆಗೆ ಕ್ಲಿಕ್ ಮಾಡಿದ ಲಿಂಕಿಗೆ ಪಾಲು. ಅದಕ್ಕೇ ಬುಟ್ಟಿ ಖಾಲಿ ಇಟ್ಟು, ಕೂಪನ್ ಹುಡುಕುವ ಎಕ್ಸ್‌ಟೆನ್ಷನ್ ಮತ್ತು ಆ್ಯಡ್ ಬ್ಲಾಕರ್ ಆಫ್ ಮಾಡಿ, ಪೋರ್ಟಲ್‌ನಿಂದ ಒಳಹೋಗಿ ಒಂದೇ ಉಸಿರಿಗೆ ಹಣ ಕಟ್ಟಿ ಹೊರಬರುತ್ತೇನೆ. ಆರ್ಡರ್ ಪುಟದ ಸ್ಕ್ರೀನ್‌ಶಾಟ್ ಇರಲಿ, ದಾಖಲಾಗದಿದ್ದರೆ ದೂರು ಕೊಡಲು ಬೇಕು. ಗಿಫ್ಟ್ ಕಾರ್ಡ್ ದಾರಿಯೂ ಉಂಟು, ಆದರೆ ಅದರಲ್ಲಿ ಕೊಂಡದ್ದಕ್ಕೆ ರೀಫಂಡ್ ಗಿಫ್ಟ್ ಕಾರ್ಡಿಗೇ ಮರಳುತ್ತದೆ, ಕಾರ್ಡಿನ ಮೂಲಕ ತಕರಾರು ಎತ್ತುವ ಹಕ್ಕೂ ಕೈತಪ್ಪುತ್ತದೆ. ಬಳಸುವ ದಿನವೇ ಬೇಕಾದಷ್ಟೇ ಕೊಳ್ಳಿ.

ಹಣವನ್ನು ಸುತ್ತಿಸಿ ಖರ್ಚು ತೋರಿಸುವ ಕಸರತ್ತುಗಳಿಂದ ದೂರವಿರಿ. ಬ್ಯಾಂಕುಗಳಿಗೆ ಈ ಮಾದರಿ ಬೇಗ ಕಣ್ಣಿಗೆ ಬೀಳುತ್ತದೆ. ಖಾತೆ ಮುಚ್ಚಿ, ಕೂಡಿಸಿದ ಕ್ಯಾಶ್‌ಬ್ಯಾಕ್ ಮುಟ್ಟುಗೋಲು ಹಾಕಿಕೊಳ್ಳಲು ಷರತ್ತಿನಲ್ಲೇ ಅವಕಾಶ ಇರುತ್ತದೆ.

ಹೊಸ ಕಾರ್ಡಿನಲ್ಲಿ ಗಡುವಿನೊಳಗೆ ಇಷ್ಟು ಖರ್ಚಿನ ಗುರಿ ಮುಟ್ಟಿದರೆ ಕೊಡುವ ಸ್ವಾಗತ ಬೋನಸ್ಸಿಗೆ ಗಡುವು ಎಣಿಸುವುದು ಎಷ್ಟೋ ಕಡೆ ಕಾರ್ಡ್ ಮಂಜೂರಾದ ದಿನದಿಂದ, ಅಂಚೆಯಲ್ಲಿ ಕೈಸೇರಿದ ದಿನದಿಂದಲ್ಲ. ವಿಮೆಯಂಥ ದೊಡ್ಡ ಬಿಲ್ಲು ಬರುವ ತಿಂಗಳಿಗೆ ಹೊಂದುವಂತೆ ಅರ್ಜಿ ಹಾಕಿದರೆ ಗುರಿ ಮುಟ್ಟಲು ಬೇಡದ್ದನ್ನು ಕೊಳ್ಳಬೇಕಾಗಿಲ್ಲ. ವಿಮೆ ಆ ಗುರಿಗೆ ಲೆಕ್ಕವಾಗುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ. ವಾರ್ಷಿಕ ಶುಲ್ಕ ಬೀಳುವ ಒಂದು ತಿಂಗಳು ಮುಂಚೆ ಹಾಳೆ ತೆರೆದು ಆ ಕಾರ್ಡು ವರ್ಷದಲ್ಲಿ ನಿಜವಾಗಿ ಎಷ್ಟು ತಂದಿತು ಎಂದು ನೋಡಿ, ಕಡಿಮೆ ಎನಿಸಿದರೆ ಬ್ಯಾಂಕಿಗೆ ಕರೆ ಮಾಡಿ ಶುಲ್ಕ ಮಾಫಿ ಕೇಳುತ್ತೇನೆ. ಒಪ್ಪದಿದ್ದರೆ ಮೊದಲು ಕ್ಯಾಶ್‌ಬ್ಯಾಕ್ ಪೂರ್ತಿ ಖಾತೆಗೆ ತೆಗೆದುಕೊಳ್ಳುವುದು, ತಾನಾಗಿ ಕಡಿತವಾಗುವ ಬಿಲ್ಲುಗಳನ್ನು ಬೇರೆ ಕಾರ್ಡಿಗೆ ಬದಲಿಸುವುದು, ಒಂದು ಸೊನ್ನೆ ಬಿಲ್ಲು ಬರುವ ತನಕ ಕಾಯುವುದು, ಆಮೇಲೆ ಮುಚ್ಚುವುದು. ಮುಚ್ಚಿದ ಮೇಲೆ ಉಳಿದ ಕ್ಯಾಶ್‌ಬ್ಯಾಕ್ ಕೇಳಿದರೆ ಸಾಮಾನ್ಯವಾಗಿ ಕೊಡುವುದಿಲ್ಲ.