ಧ್ರುವ ಕಾಣದ ಹಿತ್ತಲಿನಿಂದ ಸೊಂಬ್ರೆರೊ ಗ್ಯಾಲಕ್ಸಿ

ಹಸ್ತ, ಚಿತ್ತಾ ನಕ್ಷತ್ರಗಳ ನಡುವೆ, ಸುಮಾರು 3 ಕೋಟಿ ಜ್ಯೋತಿರ್ವರ್ಷ ದೂರದಲ್ಲಿದೆ ಎಂ 104 (ಮೆಸಿಯೆ ಪಟ್ಟಿಯ 104ನೆಯದು), ಅಂದರೆ ಸೊಂಬ್ರೆರೊ ಗ್ಯಾಲಕ್ಸಿ. ಬೀದಿದೀಪ ಬೀಳುವ ಧಾರವಾಡದ ಹಿತ್ತಲಿನಿಂದ ಚಿತ್ರ ತೆಗೆಯಲು ನಾನು ಆರಿಸಿಕೊಂಡದ್ದು ಇದನ್ನೇ. ಗಾತ್ರ ಚಿಕ್ಕದು, ಆದರೆ ಬೆಳಕು ಒತ್ತಾಗಿದೆ. ಎಂ 101 ಗ್ಯಾಲಕ್ಸಿಯಂತೆ ತೆಳ್ಳಗೆ ಹರಡಿದ್ದು ಊರಬೆಳಕಿನಲ್ಲಿ ಮುಳುಗಿಹೋಗುತ್ತದೆ. ಯುಗಾದಿ ಅಮಾವಾಸ್ಯೆಯ ಹಿಂದೆಮುಂದೆ, ನಡುರಾತ್ರಿಯ ಸುಮಾರಿಗೆ, ಇದು ದಕ್ಷಿಣದಲ್ಲಿ 63 ಡಿಗ್ರಿ ಎತ್ತರಕ್ಕೆ ಬರುತ್ತದೆ.

ಸಲಕರಣೆ: 150 ಮಿ.ಮೀ. ವ್ಯಾಸ, 750 ಮಿ.ಮೀ. ನಾಭಿದೂರದ ನ್ಯೂಟೋನಿಯನ್ ದೂರದರ್ಶಕ, ಮೋಟರ್ ಇರುವ ಇಕ್ವಟೋರಿಯಲ್ ಮೌಂಟ್ (ಭೂಮಿಯ ಅಕ್ಷಕ್ಕೆ ಸಮಾನಾಂತರವಾದ ಅಕ್ಷದ ಮೇಲೆ ತಿರುಗಿ ನಕ್ಷತ್ರಗಳನ್ನು ಹಿಂಬಾಲಿಸುವ ಪೀಠ), ಡಿಎಸ್‌ಎಲ್‌ಆರ್ ಕ್ಯಾಮೆರಾ. ಟ್ರೈಪಾಡಿನ ಮೂರೂ ಕಾಲಿನಡಿ ಪರಸಿ ತುಂಡು ಇಡುತ್ತೇನೆ. ಎರಿ ಮಣ್ಣಿದ್ದರಂತೂ ಇದು ಬೇಕೇ ಬೇಕು, ಕಾಲು ಕುಸಿಯುತ್ತದೆ. ಮಾಳಿಗೆ ಬೇಡ. ಹಗಲಿಡೀ ಕಾದ ಗಚ್ಚು ರಾತ್ರಿ ಬಿಸಿಗಾಳಿ ಬಿಟ್ಟು ಚಿತ್ರವನ್ನು ನಡುಗಿಸುತ್ತದೆ.

ನಿಜವಾದ ಕೆಲಸ ಇರುವುದು ಮೌಂಟಿನ ಅಕ್ಷವನ್ನು ಆಕಾಶದ ಉತ್ತರ ಧ್ರುವಕ್ಕೆ ಹೊಂದಿಸುವುದರಲ್ಲಿ. ನಮ್ಮ ಅಕ್ಷಾಂಶ 15.5 ಡಿಗ್ರಿ, ಧ್ರುವ ನಕ್ಷತ್ರದ ಎತ್ತರವೂ ಹೆಚ್ಚುಕಡಿಮೆ ಅಷ್ಟೇ. ಪಕ್ಕದ ಮನೆಯ ತೆಂಗಿನ ಮರವೊಂದೇ ಸಾಕು ಅದನ್ನು ಮರೆಮಾಡಲು. ಅಕ್ಷ ಇಷ್ಟು ಮಲಗಿದಾಗ ಎದುರುತೂಕದ ಸರಳು ಟ್ರೈಪಾಡ್ ಕಾಲಿಗೆ ತಾಗುತ್ತದೆ, ಅದಕ್ಕೆ ನಡುವೆ 20 ಸೆಂ.ಮೀ. ಕಂಬ ಸೇರಿಸಿದ್ದೇನೆ. ಧ್ರುವ ಕಾಣದಿದ್ದರೆ ಡ್ರಿಫ್ಟ್ ವಿಧಾನವೇ ಗತಿ, ಅಂದರೆ ನಕ್ಷತ್ರ ಯಾವ ಕಡೆ ಸರಿಯುತ್ತದೆಂದು ನೋಡಿ ಅಕ್ಷ ತಿದ್ದುವುದು. ದಕ್ಷಿಣಕ್ಕೆ ನೆತ್ತಿಗೆರೆಯ (ಉತ್ತರದಿಂದ ನೆತ್ತಿ ಹಾಯ್ದು ದಕ್ಷಿಣಕ್ಕೆ ಹೋಗುವ ಗೆರೆ) ಮೇಲೆ, ಖಗೋಳ ವಿಷುವದ (ಭೂಮಧ್ಯರೇಖೆಯ ನೇರಕ್ಕೆ ಆಕಾಶದಲ್ಲಿರುವ ಗೆರೆ) ಹತ್ತಿರದ ನಕ್ಷತ್ರವೊಂದನ್ನು 5 ನಿಮಿಷ ನೋಡಬೇಕು. ಅದು ದಕ್ಷಿಣಕ್ಕೆ ಸರಿದರೆ ಅಕ್ಷ ಪೂರ್ವಕ್ಕೆ ವಾಲಿದೆ, ಉತ್ತರಕ್ಕೆ ಸರಿದರೆ ಪಶ್ಚಿಮಕ್ಕೆ. ಆಮೇಲೆ ಪೂರ್ವದಲ್ಲಿ ತಗ್ಗಿನಲ್ಲಿರುವ ನಕ್ಷತ್ರ: ದಕ್ಷಿಣಕ್ಕೆ ಸರಿದರೆ ಅಕ್ಷ ತಗ್ಗಾಗಿದೆ, ಉತ್ತರಕ್ಕೆ ಸರಿದರೆ ಎತ್ತರವಾಗಿದೆ. ಒಂದು ತಾಸು ಹಿಡಿಯುತ್ತದೆ. ಇಲ್ಲಿ ಅವಸರ ಮಾಡಿದರೆ ಮುಂದಿನ ಅಷ್ಟೂ ಚಿತ್ರದಲ್ಲಿ ನಕ್ಷತ್ರಗಳು ಗೆರೆಯಾಗುತ್ತವೆ.

ಫೋಕಸ್‌ಗೆ ಚಿತ್ತಾ ಹತ್ತಿರದಲ್ಲೇ ಇದೆ. ಫೋಕಸ್ ಸರಿಯಿದೆಯೇ ಎಂದು ಗೆರೆಗಳಿಂದ ತೋರಿಸುವ ಸೀಳು ಮುಚ್ಚಳ, ಬಾಹ್ಟಿನೋವ್ ಮಾಸ್ಕ್, ಹಾಕಿ ನೋಡಿ. ತಂಪೇರಿದಂತೆ ಕೊಳವೆ ಕುಗ್ಗುವುದರಿಂದ ತಾಸಿಗೊಮ್ಮೆ ಮತ್ತೆ ನೋಡಲೇಬೇಕು. ಐಎಸ್ಒ 800, 45 ಸೆಕೆಂಡಿನ 200 ಚಿತ್ರ: ಒಟ್ಟು ಎರಡೂವರೆ ತಾಸು. ಕ್ಯಾಮೆರಾ ತೋರಿಸುವ ಹಿಸ್ಟೋಗ್ರಾಮಿನ (ಕತ್ತಲೆ-ಬೆಳಕಿನ ಹಂಚಿಕೆಯ ನಕ್ಷೆ) ಗುಡ್ಡ ಎಡಗಡೆಯಿಂದ ಮೂರನೇ ಒಂದು ಭಾಗ ದಾಟಬಾರದು. ಊರಬೆಳಕು ತಡೆಯುವ ಫಿಲ್ಟರ್‌ಗೆ ದುಡ್ಡು ಹಾಕಬೇಡಿ ಎಂದೇ ನನ್ನ ಸಲಹೆ. ಗ್ಯಾಲಕ್ಸಿಯ ಬೆಳಕು ನಕ್ಷತ್ರಗಳದ್ದು, ಎಲ್ಲ ಬಣ್ಣದಲ್ಲೂ ಹರಡಿದೆ. ಬಿಳಿ ಎಲ್‌ಇಡಿಯದೂ ಹಾಗೇ. ಒಂದನ್ನು ತಡೆದರೆ ಇನ್ನೊಂದೂ ಹೋಗುತ್ತದೆ. ಸಮಯ ನಾಲ್ಕು ಪಟ್ಟು ಮಾಡಿದರೆ ಚಿತ್ರದ ಗದ್ದಲ (ಕಾಳುಕಾಳಾಗಿ ಕಾಣುವುದು) ಅರ್ಧಕ್ಕಿಳಿಯುತ್ತದೆ, ಅದೇ ದಾರಿ.

ಕೊನೆಗೆ ಮುಚ್ಚಳ ಹಾಕಿ ಅದೇ 45 ಸೆಕೆಂಡಿನ 30 ಡಾರ್ಕ್, ಅಂದರೆ ಕ್ಯಾಮೆರಾದ್ದೇ ಗದ್ದಲ ಕಳೆಯಲು ಕತ್ತಲ ಚಿತ್ರ. ಬೆಳಗಿನ ಆಕಾಶಕ್ಕೆ ಮುಖ ಮಾಡಿ, ಕೊಳವೆ ಬಾಯಿಗೆ ಎರಡು ಮಡಿಕೆ ಬಿಳಿ ಧೋತರ ಬಿಗಿದು 30 ಫ್ಲ್ಯಾಟ್, ಅಂದರೆ ಧೂಳಿನ ಕಲೆ ಕಳೆಯಲು ಸಮಬೆಳಕಿನ ಚಿತ್ರ. ಅಲ್ಲಿಯತನಕ ಕ್ಯಾಮೆರಾ ತಿರುಗಿಸಬಾರದು, ತಿರುಗಿಸಿದರೆ ಧೂಳಿನ ಕಲೆಗಳು ಹೋಗುವುದಿಲ್ಲ. ಎಲ್ಲ ಚಿತ್ರಗಳನ್ನು ಒಂದಾಗಿ ಜೋಡಿಸಲು ಉಚಿತ ತಂತ್ರಾಂಶ ಸಿರಿಲ್ ಸಾಕು. ಹಿನ್ನೆಲೆಯ ಊರಬೆಳಕು ತೆಗೆಯುವಾಗ ಗ್ಯಾಲಕ್ಸಿಯ ಸುತ್ತ ಒಂದೂ ಮಾದರಿ ಬಿಂದು (ಹಿನ್ನೆಲೆಯ ಬೆಳಕು ಅಳೆಯುವ ಗುರುತು) ಇಡಬೇಡಿ. ಇಟ್ಟರೆ ಅದರ ಮಸುಕು ಪ್ರಭೆಯೂ ಊರಬೆಳಕಿನ ಜೊತೆಗೆ ಅಳಿಸಿಹೋಗುತ್ತದೆ.